ಮಿನ್‌ಚಿನ್: ಮರಳು ಬರುವ ಮೊದಲೇ ನೀರು ಹೋಗಿತ್ತು

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯ ಮಕ್ಕಳು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದಾರೆ. ಚೀನಾದ ಮಿನ್‌ಚಿನ್ ಎಂಬ ಕೌಂಟಿಯನ್ನು ಎರಡು ಮರುಭೂಮಿಗಳು ಎರಡೂ ಕಡೆಯಿಂದ ನುಂಗುತ್ತಿದ್ದವು, ಸರ್ಕಾರ ಲೆಕ್ಕವಿಲ್ಲದಷ್ಟು ಗಿಡ ನೆಟ್ಟು ಅದನ್ನು ತಡೆಯಿತು, ಒಣಗಿದ್ದ ಸರೋವರವೂ ತುಂಬಿತು ಎಂದು ಅದರಲ್ಲಿ ಹೇಳಿದೆಯಂತೆ. ಇನ್ನೊಂದು ವಿಡಿಯೊ ಪ್ರಕಾರ ಆ ಊರು ಕೆಲವೇ ವರ್ಷಗಳಲ್ಲಿ ನಕ್ಷೆಯಿಂದ ಅಳಿಸಿಹೋಗುತ್ತದೆ. ಇವೆರಡರಲ್ಲಿ ಯಾವುದು ನಿಜ? ಆ ಪ್ರದೇಶ ಮೊದಲಿನಿಂದಲೂ ಹಾಗೆಯೇ ಇತ್ತೇ, ಅಥವಾ ಹವಾಮಾನ ಬದಲಾವಣೆಯಿಂದ ಹಾಗಾಯಿತೇ? ಅಲ್ಲಿನ ಜನರಿಗೆ ಈಗ ಯಾವ ದಾರಿಗಳಿವೆ? ನಮ್ಮ ಮನೆಯ ಎರಡು ಕೊಳವೆಬಾವಿಗಳು ಬತ್ತಿವೆ. ಆದ್ದರಿಂದ ಮಕ್ಕಳು ಕೇಳಿದ ಕೊನೆಯ ಪ್ರಶ್ನೆ ನನ್ನದೂ ಹೌದು: ಗಿಡ ನೆಟ್ಟರೆ ನೀರು ಬರುತ್ತದೆಯೇ?

ಉತ್ತರ: ಜನ ಬಾಳುತ್ತಿರುವ ಒಂದು ನಾಡನ್ನು ಮರಳು ನುಂಗಬಲ್ಲುದೇ, ನುಂಗುವುದಾದರೆ ಗಿಡಗಳು ಅದನ್ನು ತಡೆಯಬಲ್ಲವೇ ಎಂಬುದು ನಿಮ್ಮ ಪ್ರಶ್ನೆಗಳ ಹಿಂದಿರುವ ಆತಂಕವೆಂದು ನಾನು ತಿಳಿದಿದ್ದೇನೆ. ಒಣನಾಡುಗಳ ಅಂತರ್ಜಲವನ್ನು ಅಭ್ಯಾಸ ಮಾಡುವುದೇ ನನ್ನ ವೃತ್ತಿ. ಆ ಕೆಲಸದಲ್ಲಿ ಮಿನ್‌ಚಿನ್‌ನ ಲೆಕ್ಕಗಳನ್ನು ನಾನು ಮತ್ತೆ ಮತ್ತೆ ತೆರೆದು ನೋಡಬೇಕಾಗಿ ಬಂದಿದೆ. ಎರಡೂ ವಿಡಿಯೊಗಳು ಕಥೆಯನ್ನು ಮರಳು ಮತ್ತು ಮರಗಳ ನಡುವಿನ ಯುದ್ಧವೆಂಬಂತೆ ಹೇಳುತ್ತವೆ. ನನ್ನ ತಿಳಿವಳಿಕೆಯಲ್ಲಿ ಅದು ಒಂದು ನದಿಯ ಕೊನೆ ಭಾಗದ ರೈತರ ಕಥೆ. ಅಲ್ಲಿ ಮೊದಲು ಹೋದದ್ದು ನೀರು. ಮರಳು ಬಂದದ್ದು ಆಮೇಲೆ.

ಮೊದಲು ಜಾಗವನ್ನು ಗುರುತಿಸಿಕೊಳ್ಳೋಣ. ವಾಯವ್ಯ ಚೀನಾದ ಗನ್ಸು ಪ್ರಾಂತ್ಯದಲ್ಲಿ, ದಕ್ಷಿಣದ ಚಿಲಿಯನ್ ಪರ್ವತಗಳಿಗೂ ಉತ್ತರದ ಮರುಭೂಮಿಗಳಿಗೂ ನಡುವೆ ಹೆಶಿ ಎಂಬ ಉದ್ದನೆಯ ಪಟ್ಟಿಯಂಥ ನೆಲವಿದೆ. ಹಿಂದೆ ರೇಷ್ಮೆ ದಾರಿ ಹಾದುಹೋಗುತ್ತಿದ್ದದ್ದು ಇಲ್ಲಿಂದಲೇ. ಈ ಪಟ್ಟಿಯ ಪೂರ್ವ ಭಾಗದಲ್ಲಿ ವುವೇ ನಗರವಿದೆ, ಅದರ ಈಶಾನ್ಯಕ್ಕೆ, ಆಡಳಿತದಲ್ಲಿ ಅದಕ್ಕೇ ಸೇರಿದ ಮಿನ್‌ಚಿನ್ ಇದೆ. ಚೀನಿಯರು ಶಿಯೆನ್ ಎಂದು ಕರೆಯುವ ಕೌಂಟಿಯು ಆಡಳಿತದ ಶ್ರೇಣಿಯಲ್ಲಿ ನಮ್ಮ ತಾಲ್ಲೂಕಿಗೆ ಹತ್ತಿರವಾದದ್ದಾದರೂ ವಿಸ್ತಾರದಲ್ಲಿ ಮಿನ್‌ಚಿನ್ ಸುಮಾರು 15,900 ಚದರ ಕಿಲೋಮೀಟರ್‌ಗಳಷ್ಟಿದೆ, ಅಂದರೆ ನಮ್ಮ ಬೆಳಗಾವಿ ಜಿಲ್ಲೆಗಿಂತಲೂ ದೊಡ್ಡದು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮರಳು, ಜಲ್ಲಿ ಮತ್ತು ಬೋಳು ಗುಡ್ಡ. ಜನ ಬದುಕಿರುವುದು ಉಳಿದ ಒಂದು ಪಾಲಿನಲ್ಲಿ, ನದಿಯ ಎರಡು ದಡಗಳಿಗೆ ಅಂಟಿಕೊಂಡಂತಿರುವ ಒಂದು ಓಯಸಿಸ್‌ನಲ್ಲಿ. ಪೂರ್ವಕ್ಕೂ ಆಗ್ನೇಯಕ್ಕೂ ಟೆಂಗರ್ ಮರುಭೂಮಿ, ಪಶ್ಚಿಮಕ್ಕೂ ಉತ್ತರಕ್ಕೂ ಬದೈನ್ ಜರಾನ್ ಮರುಭೂಮಿ. ವರ್ಷಕ್ಕೆ ಬೀಳುವ ಮಳೆ ಸುಮಾರು 110 ಮಿಲಿಮೀಟರ್. ತೆರೆದಿಟ್ಟ ನೀರು ಆವಿಯಾಗಬಲ್ಲ ಪ್ರಮಾಣ 2,600 ಮಿಲಿಮೀಟರ್‌ಗೂ ಹೆಚ್ಚು. ಈ ಎರಡು ಅಂಕಿಗಳನ್ನು ಮಕ್ಕಳು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ, ಇಲ್ಲಿ ಮಳೆಯನ್ನು ನಂಬಿ ಬೇಸಾಯ ಮಾಡಲಾಗದೆಂಬುದು ತಾನೇ ಹೊಳೆಯುತ್ತದೆ.

ಹಾಗಾಗಿ ಮಿನ್‌ಚಿನ್ ಬದುಕಿರುವುದು ಶಿಯಾಂಗ್ ನದಿಯ ದಯೆಯಿಂದ. ಚಿಲಿಯನ್ ಪರ್ವತಗಳಿಂದ ಎಂಟು ತೊರೆಗಳು ಇಳಿದು, ವುವೇ ಬಯಲಿನಲ್ಲಿ ಹರಡಿ, ಮತ್ತೆ ಒಂದಾಗಿ, ಉತ್ತರಕ್ಕೆ ಹರಿದು ಮಿನ್‌ಚಿನ್ ಸೇರುತ್ತವೆ. ಈ ನದಿ ಸಮುದ್ರಕ್ಕೆ ಹೋಗುವುದಿಲ್ಲ. ಅದು ಮರುಭೂಮಿಯ ತಗ್ಗಿನಲ್ಲೇ ಕೊನೆಗೊಳ್ಳುವ ಮುಚ್ಚಿದ ಕಣಿವೆಯ ನದಿ. ಪರ್ವತದಿಂದ ವರ್ಷಕ್ಕೆ ಇಳಿಯುವ ನೀರು ಒಟ್ಟು ಸುಮಾರು 150 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 53 ಟಿಎಂಸಿ ಅಡಿಯ ಆಸುಪಾಸು. ನಿಮ್ಮ ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರವು 30 ಟಿಎಂಸಿ ಅಡಿಯದು. ಅಂಥ ಎರಡು ಜಲಾಶಯಗಳು ಪೂರ್ತಿ ತುಂಬುವಷ್ಟು ನೀರೂ ಇಡೀ ನದಿಯಲ್ಲಿ ಇಲ್ಲ. ಇಷ್ಟರಲ್ಲೇ ಮೇಲ್ಭಾಗದ ವುವೇ ಬಯಲು, ನಡುವಿನ ಪಟ್ಟಣಗಳು, ಕೊನೆಯ ಮಿನ್‌ಚಿನ್ ಎಲ್ಲವೂ ಬಾಳಬೇಕು.

ಈಗ ಚರಿತ್ರೆಗೆ ಬರುತ್ತೇನೆ, ಏಕೆಂದರೆ ಆ ಪ್ರದೇಶ ಮೊದಲಿನಿಂದಲೂ ಹಾಗೆಯೇ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ನದಿ ಕೊನೆಗೊಳ್ಳುವ ತಗ್ಗಿನಲ್ಲಿ ಹಿಂದೆ ಜೂಯೆ ಎಂಬ ದೊಡ್ಡ ಸರೋವರವಿತ್ತು. ಚೀನಾದ ಅತಿ ಹಳೆಯ ಭೂಗೋಳ ಗ್ರಂಥವೆನಿಸಿದ ‘ಯೂ ಗೊಂಗ್’ ಅಧ್ಯಾಯದಲ್ಲೇ ಈ ಹೆಸರು ಬರುತ್ತದೆ. 1924ರಲ್ಲಿ ಸ್ವೀಡನ್‌ನ ಭೂವಿಜ್ಞಾನಿ ಯೋಹಾನ್ ಗುನ್ನಾರ್ ಆಂಡರ್ಸನ್ ಇಲ್ಲಿನ ಶಾಜಿಂಗ್ ಎಂಬ ಹಳ್ಳಿಯ ಬಳಿ ಅಗೆದು, ಸುಮಾರು ಮೂರು ಸಾವಿರ ವರ್ಷಗಳ ಹಿಂದಿನವರೆಗೆ ಹೋಗುವ ಒಂದು ಸಂಸ್ಕೃತಿಯ ಮಡಕೆಗಳನ್ನೂ ಕಂಚಿನ ವಸ್ತುಗಳನ್ನೂ ಹೊರತೆಗೆದರು. ಶಾಜಿಂಗ್ ಎಂದರೆ ‘ಮರಳಿನ ಬಾವಿ’ ಎಂದರ್ಥ. ಕ್ರಿಸ್ತಪೂರ್ವ 121ರಲ್ಲಿ ಹಾನ್ ಸಾಮ್ರಾಜ್ಯದ ಸೈನ್ಯವು ಶಿಯುಂಗ್ನು ಕುದುರೆಸವಾರರನ್ನು ಹೆಶಿ ಪಟ್ಟಿಯಿಂದ ಹಿಂದಕ್ಕೆ ತಳ್ಳಿದ ಮೇಲೆ ಇಲ್ಲಿ ಸೈನಿಕ ಬೇಸಾಯ ಆರಂಭವಾಯಿತು. ಆ ಕಾಲದ ಕೋಟೆಗಳ ಮಣ್ಣಿನ ಗೋಡೆಗಳು ಇಂದು ಬೆಳೆಯಿಲ್ಲದ ಮರಳಿನ ನಡುವೆ ನಿಂತಿವೆ. ಅಂದರೆ ಇಲ್ಲಿ ಬೇಸಾಯ ಬಂದು ಹೋದದ್ದು ಇದೇ ಮೊದಲಲ್ಲ.

ಮಕ್ಕಳಿಗೆ ಇಷ್ಟವಾಗಬಹುದಾದ ಒಂದು ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾನ್ ರಾಯಭಾರಿ ಸು ವು ಎಂಬವನು ಶಿಯುಂಗ್ನುಗಳ ಸೆರೆಯಲ್ಲಿ 19 ವರ್ಷ ಕುರಿ ಕಾಯುತ್ತಾ ತನ್ನ ದೊರೆಗೆ ನಿಷ್ಠನಾಗಿ ಉಳಿದ. ಅವನು ಕುರಿ ಕಾದದ್ದು ಇಲ್ಲಿಯೇ ಎಂದು ಮಿನ್‌ಚಿನ್ ಜನ ನಂಬುತ್ತಾರೆ, ಒಂದು ಗುಡ್ಡಕ್ಕೆ ಅವನ ಹೆಸರೇ ಇದೆ. ಹಳೆಯ ಇತಿಹಾಸ ಗ್ರಂಥ ಹೇಳುವುದು ‘ಉತ್ತರದ ಸಮುದ್ರ’ ಎಂದು. ಬಹುಪಾಲು ವಿದ್ವಾಂಸರು ಅದನ್ನು ಬಹಳ ದೂರದ ಬೈಕಲ್ ಸರೋವರವೆಂದು ಗುರುತಿಸುತ್ತಾರೆ. ಕಥೆ ಇಲ್ಲಿನದೆಂದು ಹೇಳುವಾಗ ಅದು ಸ್ಥಳೀಯ ನಂಬಿಕೆ ಎಂಬ ಮಾತನ್ನೂ ಸೇರಿಸಿದರೆ ಸಾಕು.

ಇಂದಿನ ಮಿನ್‌ಚಿನ್‌ನ ನೇರ ಪೂರ್ವಜ ಮಿಂಗ್ ಕಾಲದ ಗಡಿ ಠಾಣೆ. 1396ರಲ್ಲಿ ಇಲ್ಲಿ ಜೆನ್‌ಫಾನ್ ಎಂಬ ಸೇನಾ ನೆಲೆ ಸ್ಥಾಪನೆಯಾಯಿತು. ಹೊರನಾಡಿನವರನ್ನು ಹತ್ತಿಕ್ಕುವುದು ಎಂಬುದೇ ಆ ಹೆಸರಿನ ಅರ್ಥ. ಚಿಂಗ್ ಆಳ್ವಿಕೆಯಲ್ಲಿ, 1724ರಲ್ಲಿ, ಠಾಣೆ ಹೋಗಿ ಜೆನ್‌ಫಾನ್ ಕೌಂಟಿಯಾಯಿತು. 1928ರಲ್ಲಿ ಹೆಸರು ಬದಲಾಗಿ ಮಿನ್‌ಚಿನ್ ಆಯಿತು. ಅದರ ಅರ್ಥ ‘ಜನ ದುಡಿಮೆಗಾರರು’. ಹೆಸರುಗಳ ಈ ಬದಲಾವಣೆಗಿಂತ ನನಗೆ ಮುಖ್ಯವಾಗಿ ಕಾಣುವುದು ಹದಿನೆಂಟನೇ ಶತಮಾನದ ಎರಡು ಬೆಳವಣಿಗೆಗಳು. ಮೊದಲನೆಯದು, 1730ರ ದಶಕದಲ್ಲಿ ಸರ್ಕಾರವೇ ಮುಂದೆ ನಿಂತು, ನದಿಯ ತುದಿಯಲ್ಲಿದ್ದ ಸರೋವರದ ಜೌಗು ನೆಲವನ್ನು, ಲಿಯುಲಿನ್ ಸರೋವರವೆಂದು ಕರೆಯುತ್ತಿದ್ದ ಭಾಗವನ್ನು, ಹೊಲಗಳನ್ನಾಗಿ ಮಾಡಿಸಿದ್ದು. ಇಂದಿಗೂ ಆ ಉತ್ತರ ಭಾಗದ ಹೆಸರು ಹೂಚು, ಅಂದರೆ ‘ಸರೋವರ ಸೀಮೆ’. ಎರಡನೆಯದು, ಮೇಲ್ಭಾಗದ ವುವೇ ರೈತರು ಚಿಲುಮೆಗಳ ಬಾಯಲ್ಲೇ ಹೊಸ ಹೊಲ ತೆಗೆದದ್ದರಿಂದ ಕೆಳಭಾಗಕ್ಕೆ ನೀರು ಕಡಿಮೆಯಾಗಿ, ಎರಡು ಸೀಮೆಗಳ ಜನರ ನಡುವೆ ತಲೆಮಾರುಗಟ್ಟಲೆ ನಡೆದ ವ್ಯಾಜ್ಯಗಳು. ಅಧಿಕಾರಿಗಳ ತೀರ್ಪುಗಳನ್ನು ಯಾರೂ ತಿದ್ದಬಾರದೆಂದು ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸುತ್ತಿದ್ದರು. ಕೌಂಟಿಯ ಒಳಗೆ ಯಾರು ಎಷ್ಟು ತೆರಿಗೆ ಧಾನ್ಯ ಕೊಡುತ್ತಾರೋ ಅವರಿಗೆ ಅಷ್ಟು ನೀರು ಎಂಬ ಕಟ್ಟುಪಾಡಿತ್ತು. ಅದನ್ನು ನೋಡಿಕೊಳ್ಳಲು ಶುಯ್‌ಲಾವ್ ಎಂಬ ‘ನೀರಿನ ಹಿರಿಯ’ನಿದ್ದ. ನಮ್ಮ ಕೆರೆಗಳ ನೀರಗಂಟಿಯನ್ನು ಬಲ್ಲವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮಿನ್‌ಚಿನ್‌ನ ಕೊರತೆ ನಿನ್ನೆ ಮೊನ್ನೆಯದಲ್ಲ. ಆದರೆ ಆಗಿನ ಜಗಳ ನೆಲದ ಮೇಲೆ ಹರಿಯುವ ನೀರಿನದು. ನೆಲದಡಿಯ ನೀರನ್ನು ಆಳದಿಂದ ಎತ್ತುವ ಶಕ್ತಿ ಯಾರಿಗೂ ಇರಲಿಲ್ಲ.

ಆ ಶಕ್ತಿ ಇಪ್ಪತ್ತನೇ ಶತಮಾನದ ಎರಡನೆಯ ಅರ್ಧದಲ್ಲಿ ಬಂದಿತು. ಮೇಲ್ಭಾಗದ ತೊರೆಗಳಿಗೆ ಒಂದೊಂದಾಗಿ ಜಲಾಶಯ ಕಟ್ಟಲಾಯಿತು. 1958ರಲ್ಲಿ ಮಿನ್‌ಚಿನ್‌ನ ಪ್ರವೇಶದಲ್ಲೇ ಹೊಂಗ್‌ಯಾಶಾನ್ ಜಲಾಶಯ ಬಂದಿತು, ಸುಮಾರು 3.5 ಟಿಎಂಸಿ ಅಡಿಯ ಅದನ್ನು ಮರುಭೂಮಿಯಲ್ಲಿ ಕಟ್ಟಿದ ಏಷ್ಯಾದ ಅತಿ ದೊಡ್ಡ ಜಲಾಶಯವೆಂದು ಅಭಿಮಾನದಿಂದ ಕರೆಯುತ್ತಿದ್ದರು. ಅದರ ಕೆಳಗೆ ನದಿಪಾತ್ರ ಒಣಗಿತು. ಜೂಯೆಯ ಕೊನೆಯ ತುಣುಕಾಗಿ ಉಳಿದಿದ್ದ ಚಿಂಗ್‌ತು ಸರೋವರ 1959ರ ಹೊತ್ತಿಗೆ ಪೂರ್ತಿ ಬತ್ತಿಹೋಯಿತು. 1950ರ ದಶಕದಲ್ಲಿ ಮಿನ್‌ಚಿನ್ ತಲುಪುತ್ತಿದ್ದ ನೀರು ವರ್ಷಕ್ಕೆ 50 ಕೋಟಿ ಘನ ಮೀಟರ್‌ಗೂ ಹೆಚ್ಚು. 2000ರ ಸುಮಾರಿಗೆ ಅದು 10 ಕೋಟಿಯ ಆಸುಪಾಸಿಗೆ ಇಳಿದಿತ್ತು. ಹದಿನೆಂಟು ಟಿಎಂಸಿ ಅಡಿ ಬರುತ್ತಿದ್ದಲ್ಲಿಗೆ ಮೂರೂವರೆ ಮಾತ್ರ ಬಂದಂತೆ.

ಇದಕ್ಕೆ ಹವಾಮಾನವೇ ಕಾರಣವೇ ಎಂದು ನೀವು ಕೇಳಿದ್ದೀರಿ. ಬಿಸಿ ಏರುವುದರಿಂದ ಆವಿಯಾಗುವುದು ಹೆಚ್ಚುತ್ತದೆ, ಚಿಲಿಯನ್‌ನ ಹಿಮನದಿಗಳು ಕುಗ್ಗುತ್ತಿವೆ, ಇವು ನಿಜ. ಆದರೆ ಶಿಯಾಂಗ್ ನದಿಯಲ್ಲಿ ಹಿಮನದಿಯ ನೀರಿನ ಪಾಲು ಚಿಕ್ಕದು, ಮತ್ತು ಪರ್ವತದಿಂದ ಇಳಿಯುವ ಒಟ್ಟು ನೀರಿನಲ್ಲಿ ಆದ ಏರುಪೇರು, ಮಿನ್‌ಚಿನ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು ಇಲ್ಲವಾದದ್ದನ್ನು ವಿವರಿಸುವಷ್ಟು ದೊಡ್ಡದಲ್ಲ. ವ್ಯತ್ಯಾಸ ಆದದ್ದು ನಡುದಾರಿಯಲ್ಲಿ. ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದೆ ವುವೇ ಬಯಲಿನ ಮಣ್ಣಿನ ಕಾಲುವೆಗಳಲ್ಲಿ ನೀರು ಇಂಗುತ್ತಿತ್ತು. ಇಂಗಿದ ನೀರು ಬಯಲಿನ ಕೆಳ ಅಂಚಿನಲ್ಲಿ ಚಿಲುಮೆಗಳಾಗಿ ಉಕ್ಕಿ ಮತ್ತೆ ನದಿಗೆ ಸೇರಿ ಮಿನ್‌ಚಿನ್‌ಗೆ ಹೋಗುತ್ತಿತ್ತು. ನೀರು ಪೋಲಾಗಬಾರದೆಂದು ಕಾಲುವೆಗಳಿಗೆ ಕಾಂಕ್ರೀಟ್ ಹಾಕಿದರು. ಜೊತೆಗೆ ಅಲ್ಲೂ ಕೊಳವೆಬಾವಿಗಳು ಬಂದವು. ಮೇಲಿನವರು ಪೋಲು ಎಂದು ತಿಳಿದದ್ದೇ ಕೆಳಗಿನವರ ನದಿಯಾಗಿತ್ತು, ಚಿಲುಮೆಗಳು ಬತ್ತಿದವು. ನೀರಾವರಿಯ ದಕ್ಷತೆಯನ್ನು ಒಂದೇ ಹೊಲದ ಅಂಚಿನೊಳಗೆ ಅಳೆಯುವ ತಪ್ಪನ್ನು ನಮ್ಮ ವೃತ್ತಿಯವರು ಎಷ್ಟೋ ಕಡೆ ಮಾಡಿದ್ದೇವೆ, ಮತ್ತು ಅದನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ನದಿ ಕೈಕೊಟ್ಟಾಗ ಮಿನ್‌ಚಿನ್ ರೈತರು ಬಾವಿ ತೋಡಿದರು. ಕಡೆಗೆ ಬಾವಿಗಳ ಸಂಖ್ಯೆ ಹತ್ತು ಸಾವಿರ ದಾಟಿತು. ಸುಧಾರಣೆಯ ಯೋಜನೆ ಬರೆಯುವ ಹೊತ್ತಿಗೆ ಅವರು ವರ್ಷಕ್ಕೆ 51.7 ಕೋಟಿ ಘನ ಮೀಟರ್, ಅಂದರೆ 18 ಟಿಎಂಸಿ ಅಡಿಯಷ್ಟು ನೀರನ್ನು ನೆಲದಡಿಯಿಂದ ಎತ್ತುತ್ತಿದ್ದರು. ಒಮ್ಮೆ ನದಿ ಕೊಡುತ್ತಿದ್ದಷ್ಟನ್ನೇ ಈಗ ನೆಲ ಕೊಡಬೇಕಾಗಿತ್ತು, ಆದರೆ ನೆಲಕ್ಕೆ ನೀರು ತುಂಬುತ್ತಿದ್ದದ್ದೂ ಅದೇ ನದಿ. ನೀರಿನ ಮಟ್ಟ ಕೆಲವೆಡೆ ಹತ್ತಾರು ಮೀಟರ್ ಕುಸಿಯಿತು. ಜೊತೆಗೆ ಉಪ್ಪು. ಸಮುದ್ರಕ್ಕೆ ಹೋಗದ ಕಣಿವೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಅದರೊಳಗಿನ ಉಪ್ಪು ಹೋಗಲು ದಾರಿಯಿಲ್ಲ. ಹಿಂದೆ ಆ ಉಪ್ಪನ್ನು ಹೊತ್ತು ತುದಿಯ ಸರೋವರಕ್ಕೆ ಹಾಕುವ ಕೆಲಸವನ್ನು ನದಿ ಮಾಡುತ್ತಿತ್ತು; ಸರೋವರವೇ ಇಡೀ ಕಣಿವೆಯ ಬಚ್ಚಲಾಗಿತ್ತು. ನದಿ ನಿಂತ ಮೇಲೆ, ಎತ್ತಿದ ನೀರಿನ ಉಪ್ಪು ಹೊಲದಲ್ಲೇ ಉಳಿದು, ಇಂಗಿ ಕೆಳಗಿಳಿದು, ಮತ್ತೆ ಅದೇ ಬಾವಿಯಿಂದ ಮೇಲೆ ಬಂದು, ಪ್ರತಿ ಸುತ್ತಿಗೂ ಗಟ್ಟಿಯಾಗುತ್ತ ಹೋಯಿತು. ಹೂಚು ಭಾಗದಲ್ಲಿ ಪ್ರತಿ ಲೀಟರ್ ನೀರಿನಲ್ಲಿ ಹಲವು ಗ್ರಾಂ ಲವಣ ಸೇರಿ, ಜನರಿಗಿರಲಿ ಕುರಿಗಳಿಗೂ ಅದು ಕುಡಿಯಲು ಒಗ್ಗದಂತಾಯಿತು. ಹೊಲಗಳು ಚೌಳಾದವು. ಮನೆಗಳಿಗೆ ಬೀಗ ಬಿದ್ದಿತು. ಮಿನ್‌ಚಿನ್ ಜನ ಒಳಮಂಗೋಲಿಯಾಕ್ಕೆ, ನಿಂಗ್‌ಶಿಯಾಕ್ಕೆ, ಶಿನ್‌ಜಿಯಾಂಗ್‌ಗೆ ಹೋದರು. ಜಗತ್ತಿನಲ್ಲೆಲ್ಲ ಮಿನ್‌ಚಿನ್‌ನವರಿದ್ದಾರೆ, ಮಿನ್‌ಚಿನ್‌ಗೆ ಮಾತ್ರ ಜಗತ್ತಿನವರಾರೂ ಬರುವುದಿಲ್ಲ ಎಂಬ ಗಾದೆ ಅಲ್ಲಿ ಇಂದಿಗೂ ಬಳಕೆಯಲ್ಲಿದೆ.

ಮರಳು ಬರುವುದು ಈ ಹಂತದಲ್ಲಿ. 1950 ಮತ್ತು 60ರ ದಶಕಗಳಲ್ಲಿ ಮಿನ್‌ಚಿನ್ ಜನ ಹೊಲಗಳ ಅಂಚಿನಲ್ಲಿ ಶಾಜಾವ್ ಎಂಬ, ಬೂದುಬಣ್ಣದ ಎಲೆಯ ಮರಗಳ ದೊಡ್ಡ ತೋಪುಗಳನ್ನು ಬೆಳೆಸಿದ್ದರು. ಅವು ಬದುಕಿದ್ದು ಬೇರು ತಲುಪುವಷ್ಟು ಮೇಲೆ ಅಂತರ್ಜಲ ಇದ್ದದ್ದರಿಂದ. ನೀರು ಕೆಳಗಿಳಿದಂತೆ 1970ರ ದಶಕದಿಂದ ಆ ತೋಪುಗಳು ನಿಂತಲ್ಲೇ ಒಣಗಿದವು. ಮರಳುದಿಬ್ಬಗಳನ್ನು ಹಿಡಿದಿದ್ದ ಮುಳ್ಳುಪೊದೆಗಳೂ ಸೊರಗಿದವು. ಹಿಡಿದಿದ್ದ ಕೈ ಸಡಿಲವಾದಾಗ ದಿಬ್ಬಗಳು ಗಾಳಿಗೆ ಸಿಕ್ಕವು. ಆದ್ದರಿಂದ, ಮರಗಳಿಲ್ಲದ್ದಕ್ಕೆ ಮರುಭೂಮಿ ಬಂದಿತೆಂಬ ವಿವರಣೆ ಕಾರ್ಯಕಾರಣವನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಮರಗಳಿದ್ದವು, ನೀರು ಹೋದದ್ದರಿಂದ ಅವು ಸತ್ತವು.

ಎರಡು ಮರುಭೂಮಿಗಳು ಪರಸ್ಪರ ‘ಕೈ ಹಿಡಿಯುತ್ತವೆ’ ಎಂಬ ಮಾತು ಚೀನಾದಲ್ಲೇ ಹುಟ್ಟಿದ್ದು, ಅದರಲ್ಲಿ ಅರ್ಧ ಸತ್ಯವಿದೆ. ಟೆಂಗರ್ ಮತ್ತು ಬದೈನ್ ಜರಾನ್ ಮರುಭೂಮಿಗಳು ಮಿನ್‌ಚಿನ್ ಓಯಸಿಸ್‌ಗಿಂತ ಬಹಳ ಹಳೆಯವು; ಎತ್ತರದ ದಿಬ್ಬಗಳೂ ಅವುಗಳ ನಡುವಿನ ಸರೋವರಗಳೂ ಇರುವ ಬದೈನ್ ಜರಾನ್ ಭಾಗವು 2024ರಲ್ಲಿ ವಿಶ್ವ ಪಾರಂಪರಿಕ ತಾಣವಾಗಿದೆ. ಅವು ರೋಗದಂತೆ ಹಬ್ಬಿ ಬಂದವಲ್ಲ. ಚಿಂಗ್‌ತು ಸರೋವರ ಇದ್ದದ್ದು ಅವೆರಡರ ನಡುವಿನ ಸಂದಿನಲ್ಲಿ. ಸರೋವರ ಒಣಗಿದಾಗ ಆ ಸಂದು ಮುಚ್ಚತೊಡಗಿತು. ದಿಬ್ಬಗಳು ನಿಧಾನವಾಗಿ, ಕೆಲವು ಕಡೆ ಮಾತ್ರ ಮುಂದೆ ಸರಿಯುತ್ತವೆ. ‘ಹುಲಿಯ ಬಾಯಿ’ ಎಂಬ ಅರ್ಥದ ಲಾವ್‌ಹೂಕೋ ಅಂಥ ಒಂದು ಜಾಗ. ಆದರೆ ಜನರನ್ನು ಹೆಚ್ಚು ಕಾಡಿದ ಧೂಳು ಬಹುಮಟ್ಟಿಗೆ ಎದ್ದದ್ದು ದಿಬ್ಬಗಳಿಂದಲ್ಲ, ಪಾಳುಬಿದ್ದ ಹೊಲಗಳ ಮತ್ತು ಒಣಗಿದ ಸರೋವರದ ತಳದ ನುಣುಪಾದ ಉಪ್ಪುಮಣ್ಣಿನಿಂದ. 1993ರ ಮೇ 5ರಂದು ಗನ್ಸುವಿನ ಈ ಭಾಗಗಳ ಮೇಲೆ ಬೀಸಿದ ‘ಕಪ್ಪು ಬಿರುಗಾಳಿ’ಯಲ್ಲಿ ಒಟ್ಟು 85 ಜನ ಸತ್ತರು. ಅವರಲ್ಲಿ ಅನೇಕರು ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು.

ವಿಷಯ ದೇಶದ ಮುಂದೆ ಬಂದದ್ದು 2001ರಲ್ಲಿ. ಆಗ ಉಪಪ್ರಧಾನಿಯಾಗಿದ್ದ ವೆನ್ ಜಿಯಾಬಾವ್ ಅವರು, ಮಿನ್‌ಚಿನ್ ಎರಡನೆಯ ಲೋಪ್ ನೂರ್ ಆಗಲು ಬಿಡಬಾರದು ಎಂದರು. ಲೋಪ್ ನೂರ್ ಶಿನ್‌ಜಿಯಾಂಗ್‌ನಲ್ಲಿ ಪೂರ್ತಿ ಒಣಗಿಹೋದ ದೊಡ್ಡ ಸರೋವರ. 2004ರ ಬೇಸಿಗೆಯಲ್ಲಿ ಹೊಂಗ್‌ಯಾಶಾನ್ ಜಲಾಶಯ ಕಟ್ಟಿದ ಮೇಲೆ ಮೊದಲ ಸಲ ತಳ ಕಂಡಿತು. 2007ರ ಡಿಸೆಂಬರ್‌ನಲ್ಲಿ ಇಡೀ ಶಿಯಾಂಗ್ ಕಣಿವೆಯ ಸುಧಾರಣೆಗೆ ಸುಮಾರು 475 ಕೋಟಿ ಯುವಾನ್‌ಗಳ ಯೋಜನೆ ಒಪ್ಪಿಗೆ ಪಡೆಯಿತು. ಆ ಯೋಜನೆಯ ಹೃದಯ ಎರಡು ಅಂಕಿಗಳಲ್ಲಿದೆ: ಮಿನ್‌ಚಿನ್‌ನ ಗಡಿಯಲ್ಲಿರುವ ತ್ಸೈಚಿ ಎಂಬ ಮಾಪನ ಕೇಂದ್ರವನ್ನು 2010ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 25 ಕೋಟಿ ಘನ ಮೀಟರ್ ನೀರು ದಾಟಬೇಕು, ಮಿನ್‌ಚಿನ್‌ನಲ್ಲಿ ನೆಲದಡಿಯಿಂದ ಎತ್ತುವ ನೀರು 8.9 ಕೋಟಿ ಘನ ಮೀಟರ್ ಮೀರಬಾರದು. ಮೊದಲನೆಯದು ಸುಮಾರು 9 ಟಿಎಂಸಿ ಅಡಿ, ಎರಡನೆಯದು 3. ಗಿಡಗಳ ಸಂಖ್ಯೆಯಲ್ಲ, ಈ ಎರಡು ಅಂಕಿಗಳೇ ಮಿನ್‌ಚಿನ್‌ನ ಹಣೆಬರಹವನ್ನು ನಿರ್ಧರಿಸುವಂಥವು. ತ್ಸೈಚಿಯ ಗುರಿ 2010ರಲ್ಲೇ ಈಡೇರಿತು. ಅದೇ ವರ್ಷ ಚಿಂಗ್‌ತು ತಗ್ಗಿಗೆ ಜಲಾಶಯದಿಂದ ನೀರು ಬಿಡಲಾಯಿತು. ಐವತ್ತೊಂದು ವರ್ಷ ಒಣಗಿದ್ದ ತಳದಲ್ಲಿ ನೀರು ನಿಂತಿತು, ಜೊಂಡು ಬೆಳೆಯಿತು, ಹಕ್ಕಿಗಳು ಬಂದವು.

ಹಾಗಾದರೆ ಮಕ್ಕಳು ನೋಡಿದ ಮೊದಲ ವಿಡಿಯೊ ಸುಳ್ಳಲ್ಲ, ಆದರೆ ಅದು ಫಲವನ್ನು ತೋರಿಸಿ ಬೇರನ್ನು ಬಿಟ್ಟಿದೆ. ಸರೋವರ ತಾನಾಗಿ ತುಂಬಿದ್ದಲ್ಲ. ಪ್ರತಿ ವರ್ಷ ಸುಮಾರು 1 ಟಿಎಂಸಿ ಅಡಿ ನೀರನ್ನು ಕಾಲುವೆಯ ಮೂಲಕ ಅಲ್ಲಿಗೆ ಬಿಡಲಾಗುತ್ತದೆ, ಬಿಟ್ಟಾಗ ಹರಡುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮತ್ತೊಂದು ಗೊಂದಲವನ್ನೂ ಬಿಡಿಸಬೇಕು. 2024ರ ನವೆಂಬರ್‌ನಲ್ಲಿ ಪೂರ್ತಿಯಾಯಿತೆಂದು ಸುದ್ದಿಯಾದ 3,046 ಕಿಲೋಮೀಟರ್ ಉದ್ದದ ಹಸಿರು ಪಟ್ಟಿ ಶಿನ್‌ಜಿಯಾಂಗ್‌ನ ತಕ್ಲಮಕಾನ್ ಮರುಭೂಮಿಯ ಸುತ್ತಲಿನದು. ಮಿನ್‌ಚಿನ್‌ಗೂ ಅದಕ್ಕೂ ಸಂಬಂಧವಿಲ್ಲ. ವಿಡಿಯೊಗಳಲ್ಲಿ ಎರಡನ್ನೂ ಬೆರೆಸುವುದನ್ನು ನಾನೂ ಕಂಡಿದ್ದೇನೆ.

ಇನ್ನು ದಾರಿಗಳ ಮಾತು. ಅಲ್ಲಿನವರ ಮುಂದೆ ಇರುವ ಯಾವ ದಾರಿಯೂ ಬೆಲೆಯಿಲ್ಲದ್ದಲ್ಲ, ಮತ್ತು ಅವರು ಬಹುಮಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಪ್ರಯೋಗಿಸುತ್ತಿದ್ದಾರೆ.

ಅತಿ ಕಠಿಣವಾದದ್ದೂ ಅತಿ ಫಲಕಾರಿಯೂ ಆದದ್ದು ಬಾವಿ ಮುಚ್ಚುವುದು. ಮಿನ್‌ಚಿನ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಾವಿಗಳನ್ನು ಮುಚ್ಚಿದರು. ಉಳಿದವಕ್ಕೆ ಮೀಟರ್ ಹಾಕಿ, ಕಾರ್ಡ್ ಇಟ್ಟರೆ ಮಾತ್ರ, ಅದರಲ್ಲಿ ಪಾಲು ಉಳಿದಿದ್ದರೆ ಮಾತ್ರ ಪಂಪ್ ನಡೆಯುವಂತೆ ಮಾಡಿದರು. ನೀರಾವರಿಯ ಹಕ್ಕನ್ನು ತಲೆಗೆ 2.5 ಮೂ ನೆಲಕ್ಕೆ ಮಿತಿಗೊಳಿಸಿದರು. ನಮ್ಮ ಅಳತೆಯಲ್ಲಿ ಅದು ಹದಿನಾರೂವರೆ ಗುಂಟೆ. ಗೋಧಿ, ಹತ್ತಿ, ತಿರುಳು ತಿನ್ನುವ ಕಪ್ಪು ಕಲ್ಲಂಗಡಿ ಬೀಜ ಬೆಳೆಯುತ್ತಿದ್ದ ಕುಟುಂಬಕ್ಕೆ ಒಂದೇ ಹಂಗಾಮಿನಲ್ಲಿ ಅರ್ಧದಷ್ಟು ಹೊಲ ಪಾಳು ಬಿಡಬೇಕಾಗಿ ಬಂದರೆ ಆಗುವ ಸಂಕಟ ದೊಡ್ಡದು. ನೀರಿನ ಲೆಕ್ಕದಲ್ಲಿ ನಾನು ಈ ಕ್ರಮವನ್ನು ಸಂಪೂರ್ಣ ಸಮರ್ಥಿಸುತ್ತೇನೆ. ಆದರೆ ಅದರ ಭಾರ ಬಿದ್ದದ್ದು ಅತಿ ಕಡಿಮೆ ನೀರು ಪಡೆದ ಕೊನೆ ಭಾಗದವರ ಮೇಲೆಯೇ ಎಂಬುದನ್ನು ಮರೆಯುವುದು ಸರಿಯಲ್ಲ. ಇದರಲ್ಲಿ ಇನ್ನೊಂದು ಅಪಾಯವೂ ಇದೆ: ಹಾಗೆ ಬಿಟ್ಟ ಹೊಲಕ್ಕೆ ಹೊದಿಕೆ ಇಲ್ಲದಿದ್ದರೆ ಅದೇ ಮುಂದಿನ ವಸಂತದ ಧೂಳಿನ ಮೂಲವಾಗುತ್ತದೆ. ಆದ್ದರಿಂದ ಬಾವಿ ಮುಚ್ಚಿದ ಕಡೆ ಪೊದೆಗಳನ್ನು ಬೆಳೆಸಲೇಬೇಕು.

ಹೊರಗಿನಿಂದ ನೀರು ತರುವುದು ಎರಡನೆಯ ದಾರಿ. ಜಿಂಗ್‌ತೈ ಎಂಬಲ್ಲಿ ಹಳದಿ ನದಿಯಿಂದ ಹಂತ ಹಂತವಾಗಿ ಪಂಪ್ ಮಾಡಿ ಎತ್ತಿದ ನೀರಿನ ಒಂದು ಪಾಲು 2001ರಿಂದ ಮಿನ್‌ಚಿನ್‌ಗೂ ಬರುತ್ತಿದೆ. ಅದರ ವಿನ್ಯಾಸ ವರ್ಷಕ್ಕೆ ಸುಮಾರು 2 ಟಿಎಂಸಿ ಅಡಿಯದು. ಸಂಕಟದ ವರ್ಷಗಳಲ್ಲಿ ಈ ನೀರು ಜೀವ ಉಳಿಸಿದೆ. ಆದರೆ ನೂರಾರು ಮೀಟರ್ ಎತ್ತರಕ್ಕೆ ಏರಿಸಿದ ನೀರಿನ ವಿದ್ಯುತ್ ಖರ್ಚನ್ನು ಬೇಸಾಯದ ಆದಾಯ ಭರಿಸಲಾರದು, ಸರ್ಕಾರ ಭರಿಸಬೇಕು. ಹಳದಿ ನದಿಯ ಪ್ರತಿ ಹನಿಗೂ ಅದರ ಕೆಳಗೆ ಬೇರೆ ಪ್ರಾಂತ್ಯಗಳ ಹಕ್ಕುದಾರರಿದ್ದಾರೆ. ಹೊರಗಿನ ನೀರು ಬರುತ್ತದೆಂಬ ನಂಬಿಕೆ ಬಾವಿಗಳ ಮೇಲಿನ ಶಿಸ್ತನ್ನು ಸಡಿಲಿಸಿದರೆ ಬಂದ ಲಾಭವೂ ಕರಗಿಹೋಗುತ್ತದೆ. ಇದಕ್ಕಿಂತ ನೇರವಾದದ್ದು ಮೇಲ್ಭಾಗದ ವುವೇ ಬಯಲು ತನ್ನ ಬಳಕೆ ಇಳಿಸಿ ನದಿಗೆ ನೀರು ಬಿಡುವುದು. ಇದು ಹದಿನೆಂಟನೇ ಶತಮಾನದ ಕಲ್ಲುಶಾಸನಗಳ ಅದೇ ವ್ಯಾಜ್ಯ; ಈಗ ತೀರ್ಪಿನ ಜಾಗದಲ್ಲಿ ಮಾಪನ ಕೇಂದ್ರವಿದೆ.

ಗಿಡಗಳ ವಿಷಯವನ್ನು ತೆಗೆದುಹಾಕುವಂತಿಲ್ಲ. ನೆಲಕ್ಕೆ ಗೋಧಿ ಹುಲ್ಲನ್ನು ಚೌಕಚೌಕವಾಗಿ ಹುಗಿದು ಮರಳನ್ನು ನಿಲ್ಲಿಸುವ ಉಪಾಯ 1950ರ ದಶಕದಲ್ಲಿ ನಿಂಗ್‌ಶಿಯಾದ ಶಾಪೋತೋ ಎಂಬಲ್ಲಿ ರೈಲುಮಾರ್ಗವನ್ನು ಕಾಯಲು ರೂಢಿಗೆ ಬಂದಿತು. ಮಿನ್‌ಚಿನ್‌ನಲ್ಲಿ ಹುಲ್ಲಿನ ಬದಲು ಜೇಡಿಮಣ್ಣಿನ ಸಣ್ಣ ಬದುಗಳನ್ನೂ ಹಾಕುತ್ತಾರೆ. ಆ ಚೌಕಗಳೊಳಗೆ ಒಂದು ಬಕೆಟ್ ನೀರು ಹಾಕಿ ನೆಡುವುದು ಸ್ವೊಸ್ವೊ ಎಂಬ, ಎಲೆಗಳೇ ಇಲ್ಲದಂತೆ ಕಾಣುವ ಮರುಭೂಮಿಯ ಪೊದೆ. ಅದರ ಬೇರಿಗೆ ಅಂಟಿ ಬೆಳೆಯುವ ಒಂದು ಪರಾವಲಂಬಿ ಗಿಡ ಔಷಧಿಯಾಗಿ ಮಾರಾಟವಾಗುವುದರಿಂದ ರೈತರಿಗೆ ಸ್ವಲ್ಪ ಆದಾಯವೂ ಉಂಟು. ಹೊಲದ ಅಂಚನ್ನು, ರಸ್ತೆಯನ್ನು, ಕಾಲುವೆಯನ್ನು ಕಾಯಲು ಇದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಒತ್ತಾಗಿ ನೆಟ್ಟ ಸ್ವೊಸ್ವೊ ಕೆಲವು ವರ್ಷಗಳಲ್ಲಿ ಮರಳಿನೊಳಗಿನ ತೇವವನ್ನು ಹೀರಿ ಮುಗಿಸಿ, ಒಂದೆರಡು ದಶಕಗಳಲ್ಲಿ ತಾನೇ ಸೊರಗುತ್ತದೆ. 110 ಮಿಲಿಮೀಟರ್ ಮಳೆಗೆ ಎಷ್ಟು ಪೊದೆ ಬದುಕಬಲ್ಲವೋ ಅಷ್ಟನ್ನೇ ನೆಡಬೇಕು. ಅಂಥ ನೆಡುತೋಪು ಫೋಟೊದಲ್ಲಿ ಹಸಿರಾಗಿ ಕಾಣುವುದಿಲ್ಲ.

ಜನರನ್ನು ಬೇರೆಡೆಗೆ ಕಳುಹಿಸುವುದು ಕೊನೆಯದು. ಹೂಚು ಭಾಗದಿಂದ ಸರ್ಕಾರವೇ ಕೆಲವರನ್ನು ಸ್ಥಳಾಂತರಿಸಿತು, ಇನ್ನೂ ಹೆಚ್ಚಿನವರು ತಾವಾಗಿ ಹೋದರು. 2010ರ ಜನಗಣತಿಯಲ್ಲಿ ಸುಮಾರು 2.41 ಲಕ್ಷವಿದ್ದ ಮಿನ್‌ಚಿನ್‌ನ ಜನಸಂಖ್ಯೆ 2020ರಲ್ಲಿ 1.78 ಲಕ್ಷಕ್ಕೆ ಇಳಿದಿದೆ. ನೀರಿನ ಮೇಲಿನ ಒತ್ತಡ ಇದರಿಂದ ಕಡಿಮೆಯಾಗುತ್ತದೆ, ಆದರೆ ಹೋಗುವವರು ಹರೆಯದವರು. ಚೌಕ ಹಾಕಲು, ಗಿಡ ನೆಡಲು, ಕಾಲುವೆಯ ಹೂಳೆತ್ತಲು ಉಳಿಯುವವರು ವಯಸ್ಸಾದವರು. ಆ ಊರು ನಕ್ಷೆಯಿಂದ ಅಳಿಸಿಹೋಗುತ್ತದೆ ಎಂಬ ಎರಡನೆಯ ವಿಡಿಯೊದ ಮಾತನ್ನು ನಾನು ಒಪ್ಪುವುದಿಲ್ಲ. ತ್ಸೈಚಿಯನ್ನು ನೀರು ದಾಟುತ್ತಿರುವವರೆಗೆ ಒಂದು ಚಿಕ್ಕ ಓಯಸಿಸ್ ಅಲ್ಲಿರುತ್ತದೆ. ಅದು ನಾಳೆ ಎಷ್ಟು ಜನರನ್ನು ಸಾಕುತ್ತದೆ ಎಂಬುದು ಬೇರೆ ಪ್ರಶ್ನೆ, ನನ್ನನ್ನು ಹೆಚ್ಚು ಕಾಡುವುದೂ ಅದೇ.

ಈಗ ನಿಮ್ಮ ಮನೆಯ ಕೊಳವೆಬಾವಿಗಳ ಪ್ರಶ್ನೆ. ಗಿಡ ನೆಟ್ಟರೆ ನೀರು ಬರುವುದಿಲ್ಲ. ಗಿಡ ನೀರು ಕುಡಿಯುತ್ತದೆ. ಬೇರುಗಳು ಮಣ್ಣನ್ನು ಸಡಿಲವಾಗಿಟ್ಟು ಮಳೆ ಇಂಗಲು ನೆರವಾಗುವುದುಂಟು, ಆದರೆ ಎತ್ತುವುದು ಇಂಗುವುದಕ್ಕಿಂತ ಹೆಚ್ಚಿರುವವರೆಗೆ ಆ ನೆರವು ಲೆಕ್ಕಕ್ಕೆ ಸಿಗುವುದಿಲ್ಲ. ಮಿನ್‌ಚಿನ್‌ನ ಉಪಾಯಗಳನ್ನು ಹಾಗೆಯೇ ಚಳ್ಳಕೆರೆಗೆ ತರುವುದೂ ಸರಿಯಲ್ಲ. ಅಲ್ಲಿ ನೂರಾರು ಮೀಟರ್ ದಪ್ಪದ ಮರಳು ಮತ್ತು ಜೇಡಿಯ ಪದರಗಳು ನೀರು ಹಿಡಿದಿವೆ. ನಿಮ್ಮಲ್ಲಿ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಅಲ್ಪಸ್ವಲ್ಪ ನೀರು ನಿಲ್ಲುತ್ತದೆ, ಅದು ಬೇಗ ಬರಿದಾಗುತ್ತದೆ, ಒಳ್ಳೆಯ ಮಳೆಗೆ ಬೇಗ ತುಂಬುತ್ತದೆ ಕೂಡ. ನಿಮ್ಮ ತಾಲ್ಲೂಕು ನಮ್ಮ ರಾಜ್ಯದ ಅತಿ ಒಣ ಸೀಮೆಗಳಲ್ಲಿ ಒಂದಾದರೂ ಅಲ್ಲಿ ಬೀಳುವ ಮಳೆ ಮಿನ್‌ಚಿನ್‌ನ ಮಳೆಯ ಸುಮಾರು ನಾಲ್ಕು ಪಟ್ಟು. ಹಾಗಾಗಿ ಕೆರೆಯ ಹೂಳೆತ್ತುವುದು, ಬದು ಹಾಕುವುದು, ಒಂದು ಬಾವಿಯ ಪಕ್ಕದಲ್ಲೇ ಇನ್ನೊಂದನ್ನು ಇನ್ನೂ ಆಳಕ್ಕೆ ಕೊರೆಯದಿರುವುದು ನಿಮ್ಮಲ್ಲಿ ಫಲ ಕೊಡಬಲ್ಲವು. ಮೂರನೆಯ ಕೊಳವೆಬಾವಿ ಕೊರೆಸುವ ಯೋಚನೆ ಮನೆಯಲ್ಲಿದ್ದರೆ, ಹಣ ಹಾಕುವ ಮೊದಲು ಸುತ್ತಲಿನ ಹತ್ತು ಹೊಲಗಳಲ್ಲಿ ಕಳೆದ ಐದು ವರ್ಷಗಳಲ್ಲಿ ಎಷ್ಟು ಆಳಕ್ಕೆ ಎಷ್ಟು ನೀರು ಸಿಕ್ಕಿದೆ, ಎಷ್ಟು ತಿಂಗಳು ನಡೆದಿದೆ ಎಂದು ಬರೆದುಕೊಂಡು ನೋಡಿ.

ತರಗತಿಗೆ ಒಂದು ಸಲಹೆ ಇದೆ. ಮಕ್ಕಳಿಂದ ಉದ್ದನೆಯ ಹಾಳೆಯ ಮೇಲೆ ಶಿಯಾಂಗ್ ನದಿಯನ್ನು ಒಂದೇ ಗೆರೆಯಾಗಿ ಬರೆಯಿಸಿ: ಒಂದು ತುದಿಯಲ್ಲಿ ಚಿಲಿಯನ್, ನಡುವೆ ವುವೇ, ಆಮೇಲೆ ತ್ಸೈಚಿ, ಹೊಂಗ್‌ಯಾಶಾನ್, ಹೂಚು, ಕೊನೆಯಲ್ಲಿ ಚಿಂಗ್‌ತು. ಗೆರೆಯ ದಪ್ಪವನ್ನು ನೀರಿಗೆ ತಕ್ಕಂತೆ, ಒಂದು ಟಿಎಂಸಿ ಅಡಿಗೆ ಒಂದು ಮಿಲಿಮೀಟರ್‌ನಂತೆ ಇಡಲಿ. ತ್ಸೈಚಿಯ ಬಳಿ 1950ರ ದಶಕಕ್ಕೆ ಹದಿನೆಂಟು ಮಿಲಿಮೀಟರ್ ದಪ್ಪದ ಗೆರೆ, 2000ಕ್ಕೆ ಮೂರೂವರೆ, 2010ಕ್ಕೆ ಒಂಬತ್ತು ಬರುತ್ತದೆ. ಮೂರು ಕಾಲಕ್ಕೆ ಮೂರು ಹಾಳೆಗಳನ್ನು ಒಂದರ ಕೆಳಗೊಂದು ಗೋಡೆಗೆ ಅಂಟಿಸಿ, ವಿಡಿಯೊದಲ್ಲಿ ಕಂಡ ಮರಳೂ ಗಿಡಗಳೂ ಯಾವ ಹಾಳೆಗೆ ಸೇರಿದವೆಂದು ಮಕ್ಕಳೇ ಗುರುತಿಸಲಿ.